ನಮ್ಮ ಸರದಿಯ ವರ್ಷ

ಮನೆಯಿಂದ,
ನವೆಂಬರ್ ೨೦, ಬುಧವಾರ ಬೆಳಿಗ್ಗೆ

ಪ್ರೀತಿಯ ಅಧ್ಯಕ್ಷರಿಗೆ,

ಹೀಗೆ ಕರೆದೆನೆಂದು ಹುಬ್ಬು ಗಂಟಿಕ್ಕಬೇಡಿ. ಮದುವೆಯಾದಾಗಿನಿಂದ ನಿಮ್ಮನ್ನು ‘ರೀ’ ಎಂದೇ ಕರೆದವಳು ನಾನು. ಅದನ್ನೇ ಕಾಗದದ ಮೇಲೆ ಬರೆಯಲು ಹೋದರೆ ನನಗೇ ನಗು ಬರುತ್ತದೆ. ಹೇಗಿದ್ದೀರಿ? ಬೆನ್ನು ಏನೆನ್ನುತ್ತದೆ? ಅಲ್ಲಿ ಕೊಟ್ಟಿರುವ ಹಾಸಿಗೆ ಮೆತ್ತಗಿದ್ದರೆ ಮುಲಾಜು ನೋಡದೆ ನೆಲದ ಮೇಲೆ ಮಲಗಿ. ಬೆಳಿಗ್ಗೆ ಎದ್ದ ಕೂಡಲೇ ಮಂಡಿಯನ್ನು ಎದೆಗೆ ಒತ್ತಿಕೊಳ್ಳುವ ವ್ಯಾಯಾಮ ಮಾಡುತ್ತಿದ್ದೀರಿ ತಾನೇ? ದಿನವಿಡೀ ಆಸ್ಪತ್ರೆಯಲ್ಲಿ ಕಂಡವರ ಮಂಡಿ ಮಡಚಿಸಿ, ಕೈಹಿಡಿದು ನಡೆಸುವ ಫಿಸಿಯೋಥೆರಪಿಯವಳ ಗಂಡನೇ ಕುಂಟುತ್ತಾ ಹೊರಗೆ ಬಂದರೆ ಮರ್ಯಾದೆ ಹೋಗುವುದು ನನ್ನದು. ಬಿ.ಪಿ. ಮಾತ್ರೆ ಇನ್ನಷ್ಟು ಕಳಿಸಿದ್ದೇನೆ. ರಾತ್ರಿ ಊಟವಾದ ಮೇಲೆ ವಾದಕ್ಕೆ ಇಳಿಯಬೇಡಿ, ಎದುರಿಗೆ ಯಾವ ಪ್ರೊಫೆಸರ್ ಕೂತಿದ್ದರೂ ಸರಿ.

ನಿಮಗಿಂತ ಮೊದಲು ಈ ಪತ್ರ ಓದುತ್ತಿರುವ ಭದ್ರತಾ ಅಧಿಕಾರಿಗಳಿಗೂ ನಮಸ್ಕಾರ. ಒಳಗೆ ಫೋನಿಲ್ಲ, ಇಂಟರ್‌ನೆಟ್ ಇಲ್ಲ, ಒಮ್ಮೆ ಪ್ರಶ್ನೆ ನೋಡಿದವರು ಪರೀಕ್ಷೆ ಮುಗಿಯುವ ತನಕ ಗೇಟು ದಾಟುವ ಹಾಗಿಲ್ಲ, ಮನೆಯಿಂದ ಪತ್ರ ಬಂದರೆ ಅಧಿಕಾರಿ ಒಡೆದು ಓದಿ, ಮೊಹರು ಹಾಕಿ ಕೊಡುತ್ತಾರೆ ಎಂದು ಹೊರಡುವಾಗ ನೀವು ಹೇಳಿದ್ದಿರಿ. ನನಗೇನೂ ಹೊಸದಲ್ಲ. ಮದುವೆಯ ಹೊಸತರಲ್ಲಿ ನಾನು ನಿಮಗೆ ಬರೆದ ಪತ್ರಗಳನ್ನು ನಿಮ್ಮ ಅಮ್ಮ ಒಡೆದು ಓದುತ್ತಿದ್ದರು, ಮೊಹರು ಒಂದು ಹಾಕುತ್ತಿರಲಿಲ್ಲ ಅಷ್ಟೇ. ಹಾಗಾಗಿ ಸಂಕೋಚ ಬೇಡ ಸಾರ್, ಆರಾಮಾಗಿ ಕೂತು ಓದಿ.

ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಮಗ ಎಲ್ಲಿ ಎಂದು ಯಾರೇ ಕೇಳಿದರೂ ‘ಒಳಗಿದ್ದಾನೆ’ ಎನ್ನುತ್ತಾರೆ. ಮೊನ್ನೆ ಔಷಧಿ ಅಂಗಡಿಯವನು ಪಾಪ, ದನಿ ತಗ್ಗಿಸಿ ‘ಯಾವ ಕೇಸು ಅಜ್ಜೀ?’ ಎಂದು ಕೇಳಿದನಂತೆ. ‘ಅದೇನೋ ಕಾನೂನಿನ ವಿಷ್ಯ ಕಣಪ್ಪಾ, ನಂಗೆ ತಿಳಿಯಲ್ಲ’ ಎಂದು ಹೇಳಿ ಬಂದಿದ್ದಾರೆ. ಈಗ ಆ ಅಂಗಡಿಯವನು ನನ್ನನ್ನು ನೋಡಿದರೆ ಸಾಲಿನಲ್ಲಿ ನಿಲ್ಲಿಸದೆ ಮೊದಲು ಕಳಿಸುತ್ತಾನೆ. ನಿಮ್ಮಿಂದ ನನಗೆ ಇಷ್ಟಾದರೂ ಅನುಕೂಲವಾಯಿತು. ಸ್ನಾನದ ಮನೆಯ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ. ನೀವು ‘ನಾನೇ ಸರಿ ಮಾಡ್ತೀನಿ’ ಎಂದು ಬಿಚ್ಚಿಟ್ಟು ಹೋದ ತಿರುಪನ್ನು ಹುಡುಕಿ ಹುಡುಕಿ ಸಾಕಾಗಿ ಪ್ಲಂಬರನ್ನು ಕರೆಸಿದೆ.

ನಿಮ್ಮ ಪರೀಕ್ಷೆಯ ಪುರಾಣವನ್ನು ಇಷ್ಟು ವರ್ಷ ಅನ್ನದ ಜೊತೆ ಕಲಸಿ ನಮಗೆ ತಿನ್ನಿಸಿದ್ದೀರಿ, ಅದು ನನಗೂ ಬಾಯಿಪಾಠವಾಗಿದೆ. ಮೊದಲೆಲ್ಲ ಒಂದೊಂದು ಕಾನೂನು ವಿಶ್ವವಿದ್ಯಾಲಯಕ್ಕೂ ಒಂದೊಂದು ಪ್ರವೇಶ ಪರೀಕ್ಷೆ. ನನ್ನ ತಮ್ಮನೇ ಒಂದು ಬೇಸಿಗೆಯಿಡೀ ಊರಿಂದೂರಿಗೆ ರೈಲಿನಲ್ಲಿ ಅಲೆದಿದ್ದ. ಒಂದೇ ದಿನ ಎರಡು ಊರುಗಳಲ್ಲಿ ಪರೀಕ್ಷೆ ಬಿದ್ದಾಗ ನಾಣ್ಯ ಚಿಮ್ಮಿ ಒಂದನ್ನು ಕೈಬಿಟ್ಟ. ಸೀಟು ಸಿಗುತ್ತಿದ್ದದ್ದು ಆ ಬಿಟ್ಟ ಪರೀಕ್ಷೆಯಲ್ಲೇ ಎಂದು ಈಗಲೂ ಗೊಣಗುತ್ತಾನೆ. ಆಮೇಲೆ ಯಾರೋ ಪುಣ್ಯಾತ್ಮರು ಕೋರ್ಟಿಗೆ ಹೋದರು. ವಿಶ್ವವಿದ್ಯಾಲಯಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡು, ದೇಶಕ್ಕೆಲ್ಲ ಒಂದೇ ಪರೀಕ್ಷೆ, ಒಂದೇ ರ‍್ಯಾಂಕು, ಅದರ ಮೇಲೆಯೇ ಎಲ್ಲ ಕಡೆ ಸೀಟು ಎಂದು ಒಪ್ಪಿಕೊಂಡವು. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಒಕ್ಕೂಟ ಎಂದು ಹೆಸರಿಟ್ಟ ಮಾತ್ರಕ್ಕೆ ಕುಲಪತಿಗಳು ಒಂದಾಗುತ್ತಾರೆಯೇ? ಹಾಲ್ ಟಿಕೆಟಿನ ಮೇಲೆ ಯಾರ ಲಾಂಛನ ಮೊದಲು, ಯಾವ ಭಾಗದ ಪ್ರಶ್ನೆ ಯಾರ ಕಡೆಯವರು ತೆಗೆಯಬೇಕು ಎಂದು ಸಭೆ ಸಭೆಗೂ ಕಿತ್ತಾಟ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ ಕೊನೆಗೆ ಸರದಿ ಮಾಡಿಕೊಂಡರು. ವರ್ಷಕ್ಕೊಂದು ವಿಶ್ವವಿದ್ಯಾಲಯ ಹೊಣೆ ಹೊರುವುದು, ಅಲ್ಲಿನ ಹಿರಿಯ ಪ್ರೊಫೆಸರ್ ಪ್ರಶ್ನೆಪತ್ರಿಕೆ ಸಮಿತಿಯ ಅಧ್ಯಕ್ಷನಾಗುವುದು. ಹಳೆಯದರಿಂದ ಹೊಸದಕ್ಕೆ ಬರುತ್ತಾ ಬರುತ್ತಾ ಈ ವರ್ಷ ಸರದಿ ನಮ್ಮ ಬಾಗಿಲಿಗೆ ಬಂತು. ಇನ್ನೊಂದು ಸುತ್ತು ಬರುವ ಹೊತ್ತಿಗೆ ನೀವು ನಿವೃತ್ತರಾಗಿ, ತರಕಾರಿ ಚೀಲ ಹಿಡಿದು ನನ್ನ ಹಿಂದೆ ಓಡಾಡುತ್ತಿರುತ್ತೀರಿ. ನಿಮಗೆ ಇದೊಂದೇ ಅವಕಾಶ ಎಂಬುದನ್ನು ನಾನು ಮರೆತಿಲ್ಲ.

ಮಗಳು ಹನ್ನೆರಡನೆಯ ತರಗತಿ ಮುಗಿಸುವುದೂ ಇದೇ ವರ್ಷ. ಅವಳಿಗೆ ‘ವಕೀಲಮ್ಮ’ ಎಂದು ಅಡ್ಡಹೆಸರಿಟ್ಟವರು ನೀವೇ. ಹಾಲು ಯಾಕೆ ಕುಡಿಯಬೇಕು ಎಂದು ಮಂಚದ ಮೇಲೆ ನಿಂತು ಕೈ ಬೀಸಿ ಬೀಸಿ ವಾದ ಮಾಡಿದ ಕೂಸನ್ನು ಎತ್ತಿಕೊಂಡು ಊರೆಲ್ಲ ಹೇಳಿಕೊಂಡು ಬಂದಿದ್ದಿರಿ. ಎರಡು ವರ್ಷದಿಂದ ಅವಳು ಈ ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕೂ ಓದಿಲ್ಲ. ಸಮಿತಿಯಲ್ಲಿ ಕೂರುವವರ ಮಕ್ಕಳು ಆ ವರ್ಷ ಪರೀಕ್ಷೆ ಬರೆಯುತ್ತಿರಬಾರದು ಎಂಬುದು ಒಕ್ಕೂಟದ ನಿಯಮ. ನ್ಯಾಯವಾದದ್ದೇ. ಮಗಳು ಬರೆಯುವುದಾದರೆ ಅಪ್ಪ ಹಿಂದೆ ಸರಿಯಬೇಕು ಎಂದು ನಾನು ಅದನ್ನು ಅರ್ಥ ಮಾಡಿಕೊಂಡೆ. ಅಪ್ಪ ಕೂರುವುದಾದರೆ ಮಗಳು ಸರಿಯಬೇಕು ಎಂದು ನೀವು ಅರ್ಥ ಮಾಡಿಕೊಂಡಿರಿ.

ಅವತ್ತು ಊಟಕ್ಕೆ ಕೂತಾಗ, ಅವಳ ಮುಖವನ್ನೂ ನೋಡದೆ, ತಟ್ಟೆ ನೋಡುತ್ತಲೇ ಹೇಳಿದಿರಿ: ‘ಈ ವರ್ಷ ಬಿಟ್ಬಿಡು ಪುಟ್ಟಾ, ಮುಂದಿನ ವರ್ಷ ಬರಿ. ಒಂದು ವರ್ಷ ತಾನೇ.’ ಅವಳು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಆಮೇಲೆ ‘ಆಯ್ತಪ್ಪ’ ಎಂದಳು. ನೀವು ಸಮಾಧಾನದ ಉಸಿರು ಬಿಟ್ಟು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡಿರಿ. ಎಂಥ ಮಗಳು ನೋಡು ಎಂದು ಆಮೇಲೆ ನನ್ನ ಮುಂದೆ ಹೊಗಳಿದಿರಿ ಬೇರೆ. ಹಾಲಿಗೂ ಕಾರಣ ಕೇಳಿದವಳು ತನ್ನ ಬದುಕಿನ ಒಂದು ವರ್ಷವನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟರೆ ಅನುಮಾನ ಬರಬೇಡವೇ? ಯಾರಿಗೆ ನಷ್ಟವಾಗುತ್ತದೋ ಅವರ ಮಾತು ಕೇಳದೆ ಯಾವ ಅಧಿಕಾರಿಯೂ ಆದೇಶ ಹೊರಡಿಸುವಂತಿಲ್ಲ ಎಂದು ಗಂಟಲು ಹರಿಯುವ ಹಾಗೆ ಪಾಠ ಮಾಡುವವರು ನೀವು. ಆ ಪಾಠ ಕಾಲೇಜಿನ ಗೇಟಿನಿಂದ ಈಚೆಗೆ ನಡೆಯುವುದಿಲ್ಲವೋ ಏನೋ.

ಆಮೇಲಿನ ವಕೀಲಮ್ಮನನ್ನು ನೀವು ಸರಿಯಾಗಿ ನೋಡಲಿಲ್ಲ, ಸಭೆಗಳಲ್ಲಿ ಮುಳುಗಿದ್ದಿರಿ. ದಿನಾ ಪತ್ರಿಕೆಯ ಸಂಪಾದಕೀಯವನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ, ಬರೆದವರದ್ದು ಎಲ್ಲಿ ತಪ್ಪು ಎಂದು ಅರ್ಧ ಗಂಟೆ ಕೊರೆಯುತ್ತಿದ್ದವಳು ಈಗ ಪತ್ರಿಕೆ ಮುಟ್ಟುವುದಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಕಾಯುತ್ತಾರೆ, ಕರೆದರೆ ‘ಕಣ್ಣು ಉರೀತಿದೆ ಅಜ್ಜಿ’ ಎನ್ನುತ್ತಾಳೆ. ಯಾವ ಬಟ್ಟೆ ಬೇಕೆಂದರೆ ಯಾವುದಾದರೂ ಸರಿ, ಏನು ಅಡುಗೆ ಮಾಡಲಿ ಎಂದರೆ ಏನಾದರೂ ಸರಿ. ಗೆಳತಿಯರು ಮಾದರಿ ಪರೀಕ್ಷೆಗೆ ಹೋಗುವಾಗ ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಾಳೆ, ಅವರು ತಿರುವು ದಾಟಿದ ಮೇಲೂ ಅಲ್ಲೇ ನಿಂತಿರುತ್ತಾಳೆ. ಕೂಗಾಡಿ, ಬಾಗಿಲು ಬಡಿದು, ನಿಮ್ಮ ಮೇಲೆ ಮುನಿಸಿಕೊಂಡಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಎಲ್ಲದಕ್ಕೂ ತಲೆಯಾಡಿಸುವ ಮಗಳನ್ನು ಕಂಡರೆ ನನಗೆ ಭಯವಾಗುತ್ತದೆ ರೀ. ಹೋಗುವುದು ಒಂದು ವರ್ಷವಲ್ಲ. ತನ್ನ ಆಸೆಗಿಂತ ಮನೆಯ ಗಂಡಸಿನ ಕುರ್ಚಿ ದೊಡ್ಡದು ಎಂದು ಅವಳು ಕಲಿತುಬಿಡುತ್ತಾಳೆ. ಒಮ್ಮೆ ಕಲಿತರೆ ಅದು ಬಿಟ್ಟುಹೋಗುವುದಿಲ್ಲ.

ಹೇಗೆ ಗೊತ್ತು ಎಂದು ಕೇಳಬೇಡಿ. ನನಗೆ ಸ್ನಾತಕೋತ್ತರ ಸೀಟು ಸಿಕ್ಕಿದ ವರ್ಷವೇ ನಿಮ್ಮ ಪಿಎಚ್‌ಡಿ ಪ್ರಬಂಧ ಮುಗಿಯಬೇಕಾಗಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ‘ಒಂದು ವರ್ಷ ತಾನೇ ಕಣೇ’ ಎಂದಿರಿ. ದನಿಯೂ ಇದೇ, ನೋಟ ಬೇರೆಲ್ಲೋ ಇಟ್ಟುಕೊಂಡು ಮಾತಾಡುವ ರೀತಿಯೂ ಇದೇ. ಆ ಒಂದು ವರ್ಷದ ಬೆನ್ನಿಗೆ ಬಸಿರು, ಬಾಣಂತನ, ನಿಮ್ಮ ವರ್ಗಾವಣೆ, ಮಾವನವರ ಕಾಯಿಲೆ ಎಲ್ಲವೂ ಬಂದವು, ಸೀಟು ಮಾತ್ರ ಬರಲಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಕೂತು ನನ್ನ ನೋಟ್ಸ್ ನೋಡಿ ಓದಿದವಳು ಈಗ ನಮ್ಮ ವಿಭಾಗದ ಮುಖ್ಯಸ್ಥೆ. ಅರ್ಧ ದಿನ ರಜೆ ಬೇಕಾದರೂ ಅವಳ ಮುಂದೆ ನಿಂತು ಕೇಳಬೇಕು. ಒಳ್ಳೆಯವಳೇ, ಇಲ್ಲವೆನ್ನದೆ ಕೊಡುತ್ತಾಳೆ. ಹೊಟ್ಟೆ ಉರಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷವಾದರೂ ಉರಿಯುತ್ತದೆ. ನೀವು ಒಮ್ಮೆಯೂ ಆ ಸೀಟಿನ ಮಾತೆತ್ತಲಿಲ್ಲ. ಮರೆತೇಬಿಟ್ಟಿದ್ದೀರಿ ಎಂದು ಕಾಣುತ್ತದೆ.

ಇಷ್ಟು ಬೈದ ಮೇಲೂ ಒಂದು ಮಾತು ಹೇಳದಿದ್ದರೆ ನನ್ನದೂ ಅನ್ಯಾಯವಾದೀತು. ನೀವು ಅಲ್ಲಿಗೆ ಹೋದದ್ದು ಬರೀ ಹೆಸರಿನ ಆಸೆಗಲ್ಲ. ಕೋಚಿಂಗಿಗೆ ಹೋಗಲಾಗದ ಮಕ್ಕಳಿಗೂ ಓದಿ ಅರ್ಥವಾಗುವ ಪ್ರಶ್ನೆಪತ್ರಿಕೆ ಮಾಡಬೇಕು, ಉದ್ದುದ್ದ ಗದ್ಯಭಾಗ ಕೊಟ್ಟು ಮಕ್ಕಳ ಉಸಿರು ಕಟ್ಟಿಸಬಾರದು ಎಂದು ವರ್ಷ ವರ್ಷವೂ ಸಭೆಯಲ್ಲಿ ಜಗಳ ಮಾಡಿ, ಎಲ್ಲರ ಕೈಯಲ್ಲಿ ನಗಿಸಿಕೊಂಡು ಬಂದವರು ನೀವು. ನೀವು ಎದ್ದರೆ ನಿಯಮದ ಪ್ರಕಾರ ಆ ಕುರ್ಚಿಗೆ ಬರುವವರು ಮುಂದಿನ ಸರದಿಯ ವಿಶ್ವವಿದ್ಯಾಲಯದವರು, ಸೆಕೆಯಲ್ಲೂ ಟೈ ಬಿಚ್ಚದ ಆ ಪ್ರೊಫೆಸರ್. ಅವರು ಬರೆದ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅನ್ನ ಬೆಂದಿರುತ್ತದೆ ಎಂದು ನೀವೇ ಹೇಳಿ ನಗಿಸುತ್ತಿದ್ದಿರಿ. ಅದರಿಂದ ಕಷ್ಟಕ್ಕೆ ಬೀಳುವ ಮಕ್ಕಳೆಷ್ಟೋ. ಅದನ್ನೆಲ್ಲ ನಾನು ಯೋಚಿಸಿಲ್ಲ ಎಂದುಕೊಳ್ಳಬೇಡಿ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ಆದರೆ ಕಂಡವರ ಮಕ್ಕಳಿಗೆಲ್ಲ ನ್ಯಾಯ ಕೊಡಿಸಲು ಹೊರಟವರು ಅದರ ಖರ್ಚನ್ನೆಲ್ಲ ಸ್ವಂತ ಮಗಳ ತಲೆಗೆ ಕಟ್ಟಿದರೆ, ಅದನ್ನು ತ್ಯಾಗ ಎಂದು ನಾನು ಕರೆಯಲಾರೆ. ತ್ಯಾಗ ಮಾಡಿದವಳು ಅವಳು, ಸನ್ಮಾನ ಆಗುವುದು ನಿಮಗೆ.

ನಿಮ್ಮನ್ನು ಸುಳ್ಳುಗಾರ ಎಂದು ಯಾರೂ ಹೇಳಲಾರರು. ಶನಿವಾರ ಸಂಜೆ ಅರ್ಜಿಯ ಗಡುವು ಮುಗಿಯುವ ತನಕ ಕಾದು, ಮಗಳ ಅರ್ಜಿ ಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ‘ನನ್ನ ಮನೆಯವರು ಯಾರೂ ಬರೆಯುತ್ತಿಲ್ಲ’ ಎಂಬ ಹೇಳಿಕೆಗೆ ಸಹಿ ಹಾಕಿ, ಭಾನುವಾರ ಒಳಗೆ ಹೋದಿರಿ. ಆದರೆ ನಿಮ್ಮ ಒಕ್ಕೂಟದ ಚಾಳಿ ನಿಮಗೇ ಮರೆತುಹೋಯಿತೇ? ಅವರು ಕೊನೆಯ ದಿನಾಂಕ ಎಂದದ್ದು ಯಾವ ವರ್ಷ ಕೊನೆಯದಾಗಿದೆ? ಯಾವುದೋ ಒಂದು ವಿಶ್ವವಿದ್ಯಾಲಯ ನಮ್ಮ ಕಡೆಯ ಮಕ್ಕಳಿಗೆ ಸರ್ವರ್ ಸಿಗಲಿಲ್ಲ ಎಂದು ತಕರಾರು ತೆಗೆಯಿತಂತೆ. ಸೋಮವಾರ ಬೆಳಿಗ್ಗೆ ಒಂದು ವಾರ ಮುಂದಕ್ಕೆ ಹಾಕಿ ಪ್ರಕಟಣೆ ಬಂತು. ಒಳಗಿರುವ ನಿಮಗೆ ಈ ಸುದ್ದಿ ತಲುಪಿರಲಿಕ್ಕಿಲ್ಲ ಎಂದು ತಿಳಿಸುತ್ತಿದ್ದೇನೆ.

ಬೇರೆ ವಿಶೇಷವಿಲ್ಲ. ಹಣ್ಣು, ಒಗೆದ ಎರಡು ಅಂಗಿ, ಮಾತ್ರೆ ಈ ಪತ್ರದ ಜೊತೆಗಿವೆ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಕಿವಿಗೆ ಗಾಳಿ ಹೊಡೆಯದಂತೆ ಮಲಗಬೇಕಂತೆ. ನಿಮ್ಮ ಜೊತೆ ಬೀಗ ಹಾಕಿಸಿಕೊಂಡು ಕೂತಿರುವ ಪ್ರೊಫೆಸರುಗಳಿಗೆಲ್ಲ ನಮಸ್ಕಾರ ಹೇಳಿ. ನಿಮ್ಮ ಮೇಲೆ ಸಿಟ್ಟಿದೆ, ತುಂಬಾ ಇದೆ. ಆದರೂ ಸಂಜೆ ಗೇಟಿನ ಸದ್ದಾದರೆ ನೀವೇ ಬಂದಿರೇನೋ ಎಂದು ಇಣುಕುತ್ತೇನೆ.

ಇಂತಿ,
ಇಷ್ಟು ವರ್ಷವೂ ‘ಆಯ್ತು ರೀ’ ಎಂದ ನಿಮ್ಮವಳು

ತಾ.ಕ.: ಪತ್ರ, ಸಾಮಾನು ಒಯ್ಯಲು ಬಂದ ನಿಮ್ಮ ಕಡೆಯ ವ್ಯಾನು ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ನಿನ್ನೆ ವಕೀಲಮ್ಮ ಅರ್ಜಿ ಹಾಕಿದಳು. ಪಾಲಕರ ಸಹಿ ನನ್ನದು. ನೀವು ಕೊಟ್ಟ ಹೇಳಿಕೆ ಭಾನುವಾರ ನಿಜವಾಗಿತ್ತು, ಈಗ ಅಲ್ಲ. ವಿಶ್ವವಿದ್ಯಾಲಯಗಳು ಕಳಿಸಿದ ಪ್ರಶ್ನೆಗಳ ಲಕೋಟೆ ಒಡೆಯುವುದು ಶುಕ್ರವಾರ ಎಂದಿದ್ದಿರಿ. ಅದಕ್ಕೆ ಮೊದಲು, ಒಂದು ಪ್ರಶ್ನೆಯನ್ನೂ ನೋಡದೆ ಹೊರಗೆ ಬಂದರೆ ನಿಮ್ಮ ಹೆಸರೂ ಉಳಿಯುತ್ತದೆ, ಅವಳ ಪರೀಕ್ಷೆಯೂ ಉಳಿಯುತ್ತದೆ. ಮುಚ್ಚಿಟ್ಟು ಕೂರುವ ದಾರಿ ನಿಮಗಿಲ್ಲ. ನಿಮ್ಮ ಕೈಗೆ ಬರುವ ಮೊದಲೇ ಅಧಿಕಾರಿಗಳು ಇದನ್ನು ಓದಿ ಆಗಿರುತ್ತದೆ, ಅವರು ಓದಲಿ ಎಂದೇ ಬರೆದೆ. ನೀವು ಅವಳನ್ನು ಕೇಳಿರಲಿಲ್ಲ. ನಾನು ಕೇಳಿದೆ, ‘ಬರೀತೀನಮ್ಮಾ’ ಎಂದಳು. ನಿಮ್ಮನ್ನು ಮಾತ್ರ ಕೇಳಲಿಲ್ಲ.