ಸುಲ್ತಾನಾಳ ಗೋಡೆ

ಸಫೇದ್,
ಕಿಸ್ಲೇವ್ ತಿಂಗಳು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಫ್ರೆಹಾ,

ನಿನ್ನ ತಂಗಿಯ ಮಂಡಿ ಹೇಗಿದೆ? ಕೋಲು ಹಿಡಿದಾದರೂ ನಡೆಯುತ್ತಿದ್ದಾಳೆಯೆ? ಅವಳ ಆರೈಕೆಯಲ್ಲಿ ನಿನ್ನ ಮಾತ್ರೆ ಮರೆಯಬೇಡ. ದಿಮೋನಾದ ಒಣಹವೆ ನಿನ್ನ ಉಬ್ಬಸಕ್ಕೆ ಒಳ್ಳೆಯದೇ. ಇಲ್ಲಿ ಮಳೆ ಬಿಟ್ಟಿಲ್ಲ. ನಾನು ಗಟ್ಟಿಯಾಗಿದ್ದೇನೆ. ಶುಕ್ರವಾರ ಮೀನಿನ ಸಾರು ನಾನೇ ಮಾಡಿದೆ, ಖಾರ ಹೆಚ್ಚಾಯಿತು, ಪಾಪ, ತಿರ್ಜಾ ಕಣ್ಣೊರೆಸಿಕೊಂಡು ತಿಂದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ಇವತ್ತು ನಿನ್ನ ಮಗಳ ವಿಷಯ ಪೂರ್ತಿ ಕೇಳಲೇಬೇಕು.

ಪಕ್ಕದ ಮನೆಯ ಸುಲ್ತಾನಾಳ ಹೊಲಿಗೆ ಕೋಣೆಯ ಗೋಡೆ ಈ ಮಳೆಗೆ ಉಬ್ಬಿ ಬಿರುಕು ಬಿಟ್ಟಿತು, ಮೇಲಿನಿಂದ ಕೆಳಗಿನವರೆಗೆ ಹಸಿರು ಕಲೆ. ಯಾರೋ ಪುರಸಭೆಗೆ ಹೇಳಿದರು. ಅಪಾಯದ ಮನೆಗಳನ್ನು ನೋಡಿ ಬೀಗಮುದ್ರೆ ಹಾಕುವುದು ನಮ್ಮ ತಿರ್ಜಾಳ ಕೆಲಸವೇ ಅಲ್ಲವೆ, ಅವಳೇ ಬಂದಳು. ಸುಲ್ತಾನಾಳ ಮುಖ ಬಿಳಿಚಿಕೊಂಡಿತ್ತು. ಗಂಡ ಹೋದ ಮೇಲೆ ಆ ಹೊಲಿಗೆ ಯಂತ್ರವೇ ಅವಳಿಗೆ ಅನ್ನ. ಮೇಜಿನ ಮೇಲೆ ಗುರುವಾರದ ಮದುವೆಯ ಉಡುಪು ಅರ್ಧ ಹೊಲಿದು ಬಿದ್ದಿತ್ತು. ಒಮ್ಮೆ ಮುದ್ರೆ ಬಿದ್ದರೆ ದುರಸ್ತಿ ಮುಗಿಯುವವರೆಗೆ ಒಂದು ಸೂಜಿಯೂ ಹೊರಗೆ ಬರುವಂತಿಲ್ಲ.

ತಿರ್ಜಾ ಹೊಸ್ತಿಲಲ್ಲೇ ನಿಂತಳು. ಕೆಲಸದವರಿಂದ ಗೋಡೆಗೆ ಕಬ್ಬಿಣದ ಆಸರೆ ಕೊಡಿಸಿ, “ಸುಲ್ತಾನಾ ಅತ್ತೆ, ನಾನಿನ್ನೂ ಏನೂ ನೋಡಿಲ್ಲ. ಮಿಷನ್ನು, ಬಟ್ಟೆ, ಪಾತ್ರೆ ಎಲ್ಲ ಆಚೆ ಹೋಗ್ಲಿ, ಆಮೇಲೆ ಒಳಗೆ ಬರ್ತೀನಿ” ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಮೇಲಧಿಕಾರಿ ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು: “ನೋಡೋಕ್ ಹೋದೋಳು ಬಾಗ್ಲಲ್ಲಿ ಕೂತಿದೀಯಂತಲ್ಲ, ಏನಮ್ಮಾ ನಿನ್ ಕತೆ?” ಇವಳು ತಣ್ಣಗೆ, “ನೋಡೋಕ್ ಮೊದ್ಲು ಮನೆ ಖಾಲಿಯಾಗ್ಬೇಕು. ಇದು ನಮ್ಮ ಪುರಸಭೆಗಿಂತ ಹಳೇ ರೂಲು” ಎಂದಳು.

ಫ್ರೆಹಾ, ನನ್ನ ಎದೆ ಉಬ್ಬಿಹೋಯಿತು! ಗೋಡೆಗೆ ಹಸಿರು ಕಲೆ ಬಿದ್ದರೆ ನಮ್ಮ ಶಾಸ್ತ್ರ ಅದನ್ನು ಮನೆಯ ಕುಷ್ಠ ಎನ್ನುತ್ತದೆ, ಅದು ಹತ್ತಿದರೆ ಯಾಜಕ ಬಂದು ನೋಡುವ ಮುಂಚೆಯೇ ಮನೆ ಬರಿದು ಮಾಡಬೇಕು, ಅವನು ಅಶುದ್ಧ ಎಂದ ಮೇಲೆ ಒಳಗಿದ್ದದ್ದೆಲ್ಲ ಅಶುದ್ಧ ಎಂದು ನಾನು ಶಬ್ಬತ್ ದಿನದ ಮಧ್ಯಾಹ್ನಗಳಲ್ಲಿ ಪ್ರಾರ್ಥನಾ ಮಂದಿರದಲ್ಲಿ ಎಷ್ಟು ವರ್ಷ ಪಾಠ ಹೇಳಿಲ್ಲ! ಮರದ್ದು, ಲೋಹದ್ದು ನೀರಿನಲ್ಲಿ ಮುಳುಗಿಸಿದರೆ ಶುದ್ಧ. ಹಾಳಾಗುವುದು ಮಣ್ಣಿನ ಮಡಕೆ ಮಾತ್ರ. ಅಂದರೆ ಮೊದಲೇ ಬರಿದು ಮಾಡಿಸುವುದು ಆ ಮಡಕೆ ಉಳಿಸಲಿಕ್ಕೇ, ದೇವರಿಗೆ ಬಡವರ ಮಡಕೆಯ ಚಿಂತೆ. ದಿನಸಿ ಅಂಗಡಿಯ ಮಖ್ಲೂಫ್ ಪ್ರತಿಸಲ ಚುಚ್ಚುತ್ತಿದ್ದ: “ಅಂಥಾ ಮನೆ ಇರ್ಲೇ ಇಲ್ಲ ಅಂತ ಹಿರಿಯರೇ ಹೇಳಿದಾರಪ್ಪ ಮೆಸೋದ್. ಇಲ್ಲದ ಮನೆಗೆ ಸುಣ್ಣ ಬಳೀತಾ ಕೂತಿದೀಯಲ್ಲ!” ಹೆಂಗಸರ ಸಾಲಿನಲ್ಲಿ ತಿರ್ಜಾ ಆಕಳಿಸುತ್ತಿದ್ದಳು. ಆಕಳಿಸುತ್ತಲೇ ಎಲ್ಲ ಕೇಳಿಸಿಕೊಂಡಿದ್ದಾಳೆ ನೋಡು, ಕಳ್ಳಿ. ಕೊನೆಗೆ ಯಂತ್ರವನ್ನು ಆ ಮಖ್ಲೂಫನೇ ಹೊತ್ತ. ಮದುವೆಯ ಉಡುಪನ್ನು ನಾನು ಎರಡೂ ತೋಳಿನ ಮೇಲೆ ಹಾಕಿಕೊಂಡು ಹೊರಟೆ, ಬೀದಿಯ ಹೆಂಗಸರು, “ಮದುಮಗಳು ಎಲ್ಲಿಗೆ ಹೊರಟ್ಳು?” ಎಂದು ಗೊಳ್ಳನೆ ನಕ್ಕರು.

ಮನೆ ಬರಿದಾದ ಮೇಲೆ ತಿರ್ಜಾ ಒಳಗೆ ಹೋಗಿ ಗೋಡೆ ತಟ್ಟಿ ನೋಡಿದಳು, ಮುದ್ರೆ ಹಾಕಿದಳು. ಮುಲಾಜು ತೋರಿಸಲಿಲ್ಲ. ಸುಲ್ತಾನಾ ಈಗ ಮಖ್ಲೂಫನ ಅಂಗಡಿಯ ಹಿಂಕೋಣೆಯಲ್ಲಿ ಕೂತು ಹೊಲಿಯುತ್ತಿದ್ದಾಳೆ. ಇಂಥ ಮಗಳನ್ನು ಹೆತ್ತ ನಿನ್ನ ಹೊಟ್ಟೆ ತಣ್ಣಗಿರಲಿ.

ತಂಗಿಗೆ ಬೇಗ ಗುಣವಾಗಲಿ. ನಿಮ್ಮಿಬ್ಬರನ್ನೂ ದೇವರು ಕಾಯಲಿ.

ನಿನ್ನ
ಮೆಸೋದ್

ಮರೆತ ಮಾತು: ಆ ಗೋಡೆ ಸುಲ್ತಾನಾಳೊಬ್ಬಳದಲ್ಲ. ಅದರ ಈಚೆ ಬದಿಯೇ ನಿನ್ನ ಅಡುಗೆಮನೆ. ಅವಳ ಕಡೆ ಸರಿಮಾಡಿದರೆ ಸಾಕು ಎಂದು ನಾನು ಗೊಣಗಿದೆ. ತಿರ್ಜಾ, “ಅಪ್ಪಾ, ಕಲೆ ಬಿದ್ದ ಗೋಡೆಗೆ ಶಾಸ್ತ್ರದಲ್ಲಿ ‘ಕಲ್ಲು ಕೀಳುವರು’ ಅಂತಿದೆ, ‘ಕೀಳುವನು’ ಅಂತಿಲ್ಲ. ಗೋಡೆ ಹಂಚಿಕೊಂಡವರೂ ಸೇರಿ ಕೀಳ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?” ಎಂದಳು. ಯಾಜಕ ತನ್ನವರ ಮನೆಯನ್ನು ತಾನೇ ನೋಡಬಾರದಲ್ಲ, ಬೇರೆ ಅಧಿಕಾರಿಯನ್ನು ಕರೆಸಿದಳು. ನಿನ್ನೆಯಿಂದ ನಮ್ಮ ಮನೆಗೂ ಮುದ್ರೆ. ನಾವು ಮಖ್ಲೂಫನ ಮಹಡಿಯಲ್ಲಿದ್ದೇವೆ. ನಿನ್ನ ಪಾತ್ರೆಗಳೆಲ್ಲ ಮೊದಲೇ ಹೊರಗೆ ಬಂದಿವೆ, ನೀನು ಮಡಿಯಿಂದ ಬೇರೆ ಬೇರೆ ಇಡುವ ಹಾಲಿನವು ಮಾಂಸದವು ಬೆರೆತಿಲ್ಲ. ನೇರ ಇಲ್ಲಿಗೇ ಬಾ. ಬೈಯುವುದಿದ್ದರೆ ಮಗಳನ್ನು ಬೈಯಬೇಡ, ಪಾಠ ಹೇಳಿದವನನ್ನು ಬೈ.