ಮೂವತ್ತಮೂರು ಅಡಿಯ ಸರಪಳಿ

೧೬ ಅಕ್ಟೋಬರ್ ೨೦೨೫, ಗುರುವಾರ. ಹೌನ್ಸ್ಲೋ.

ಇಂಥ ತಪ್ಪನ್ನು ನಮ್ಮ ಕಚೇರಿಯಲ್ಲಿ ನಾನೊಬ್ಬಳೇ ಮಾಡಬಲ್ಲೆ. ಕಲ್ಲಿದ್ದಲು ಗಣಿಗಳ ಹಳೆಯ ನಕ್ಷೆ ನೋಡಿ, ಮುಚ್ಚಿಹೋದ ಗಣಿಬಾವಿಗಳು ಇವತ್ತಿನ ಊರುಗಳಲ್ಲಿ ಎಲ್ಲಿವೆಯೆಂದು ಗುರುತಿಸುವುದು ಇಲ್ಲಿನ ಬ್ರಿಟಿಷ್ ಸರ್ಕಾರ ನನಗೆ ಕೊಟ್ಟಿರುವ ಕೆಲಸ. ಬೆಳಿಗ್ಗೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಾ, "ಅಪ್ಪಾ, ನಿಮ್ಮ ಸರ್ವೇ ಸರಪಳಿ ಇಲ್ಲೂ ಐತಿ ನೋಡ್ರಿ. ಚರ್ಚಿನಿಂದ ಗಣಿಬಾವಿಗೆ ಆರು ಸರಪಳಿ ಅಂತ ಬರದಾರ," ಎಂದೆ. ವಿಜಯಪುರದಲ್ಲಿ ಮೂವತ್ತು ವರ್ಷ ಹೊಲ ಅಳೆದವರು ಅವರು. ಬಟಾಣಿ ಸುಲಿಯುತ್ತಿದ್ದ ಕೈ ನಿಂತಿತು.

"ಎಷ್ಟು ಫೂಟ ಹಿಡದಿ?"

"ಮೂವತ್ಮೂರು."

"ಅದು ನಮ್ಮದವ್ವಾ. ಇವರ ಸರಪಳಿ ಅರವತ್ತಾರು ಫೂಟ."

ಮತ್ತೆ ಅಳೆದೆ. ಖಾಲಿ ಹೊಲದಲ್ಲಿ ನಾನು ಗುರುತಿಸಿದ್ದ ಬಾವಿ ಶಾಲೆಯ ಮೈದಾನಕ್ಕೆ, ಸರಿಯಾಗಿ ಜೋಕಾಲಿಯ ಕೆಳಕ್ಕೆ ಬಂತು. ಕೆಲಸ ಹೋದರೆ ಹೋಗಲಿ ಎಂದು ಮೇಲಧಿಕಾರಿ ಗ್ವೆನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. "ಗೊತ್ತಾದ ಕೂಡಲೇ ಹೇಳಿದೆಯಲ್ಲ, ಅಷ್ಟು ಸಾಕು," ಎಂದಳು. ಮಧ್ಯಾಹ್ನದ ಹೊತ್ತಿಗೆ ಮೈದಾನಕ್ಕೆ ಬೇಲಿ ಬಿತ್ತು. ಸೋಮವಾರ ನೆಲ ಕೊರೆದು ನೋಡಿ, ಟೊಳ್ಳಿದ್ದರೆ ಕಾಂಕ್ರೀಟ್ ತುಂಬುತ್ತಾರಂತೆ.

ಬೇಲಿ ಹಾಕಿಸಿದ ನಮ್ಮ ಇಲಾಖೆಯ ಇನ್ಸ್‌ಪೆಕ್ಟರ್ ಅಲ್ಲಿಂದ ಕಳಿಸಿದ ಫೋಟೊವನ್ನು ಎಷ್ಟು ಸಲ ನೋಡಿದೆನೋ. ಖಾಲಿ ಜೋಕಾಲಿ ನೋಡಿ ಇಷ್ಟು ಸಮಾಧಾನವಾದದ್ದು ಇದೇ ಮೊದಲು.

ಹೀಗೇ ಅಳೆದ ಇನ್ನೂ ಒಂಬತ್ತು ನಕ್ಷೆಗಳನ್ನು ಗ್ವೆನ್ ತಡೆಹಿಡಿದಿದ್ದಾಳೆ. ನಾಳೆ ಎಲ್ಲವನ್ನೂ ಮೊದಲಿನಿಂದ ಅಳೆಯಬೇಕು. ಅಪ್ಪ ತಮ್ಮ ಕನ್ನಡಕವನ್ನು ಈಗಲೇ ನನ್ನ ಲ್ಯಾಪ್‌ಟಾಪ್ ಮೇಲಿಟ್ಟು ಮಲಗಿದ್ದಾರೆ.