ವಿಮಾನದ ಮೈಮೇಲಿನ ಮಸಿ

೧೧-೧-೨೦೨೫, ಶನಿವಾರ
ದೊಡ್ಡಗಾಜನೂರು

ವಾರದಿಂದ ಕಾಡುತ್ತಿದ್ದ ಚಿಂತೆ ಇಂದು ಸಂಜೆ ಕಳೆಯಿತು. ನನ್ನ ಶಿಷ್ಯೆ, ಪಣಕಹಳ್ಳಿಯ ಕೆಂಪಯ್ಯನ ಮಗಳು ಮಾಲಿನಿ, ವಿದೇಶದ ವಸ್ತುಸಂಗ್ರಹಾಲಯವೊಂದರಲ್ಲಿ ಒಂದು ವಿಮಾನವನ್ನು ಕಾಪಾಡುವ ಕೆಲಸದಲ್ಲಿದ್ದಾಳೆ. ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಹೊತ್ತು ಹಾರಿ ನಿವೃತ್ತವಾದ ವಿಮಾನ ಅದು. ಎಂಜಿನ್ನಿನ ಹಿಂದಿನ ಮಸಿಯನ್ನೆಲ್ಲ ಉಜ್ಜಿ ತೆಗೆದು ಹೊಸ ಬಣ್ಣ ಬಳಿಯಬೇಕೆಂದು ಮೇಲಿನವರು ಹಟ ಹಿಡಿದಿದ್ದರು. ಅದು ಹಾರಿದ್ದಕ್ಕೆ ಆ ಮಸಿಯೇ ಸಾಕ್ಷಿ ಎಂಬುದು ಇವಳ ವಾದ.

“ಟೀಚರ್, ಒಪ್ಕಂಡ್ರು!” ಎಂದು ಫೋನಿನಲ್ಲಿ ಕೂಗಿದಳು. “ನೀವು ಕ್ಲಾಸಿಗೆ ರಬ್ಬರ್ ತರಕ್ಕೆ ಬುಡ್ತಿರ್ಲಿಲ್ವಲ್ಲ? ತಪ್ಪಾದ್ರೆ ಒಂದು ಗೆರೆ ಎಳೀರಿ, ಅಳಿಸ್ಬೇಡಿ ಅಂತಿದ್ರಲ್ಲ? ಅದ್ನೇ ಅವ್ರಿಗೂ ಏಳ್ದೆ.”

ಪಕ್ಕದಲ್ಲಿದ್ದ ತಂಗಿ ವಿಶಾಲಾಕ್ಷಮ್ಮ, “ಆರ್ಲಾರ್ದ ಇಮಾನಕ್ಕೆ ಇಷ್ಟೊಂದ್ ಜಗಳ್ವಾ ಅಕ್ಕಾ?” ಎಂದು ನಕ್ಕಳು. ನಗಲಿ.

ಮಸಿಯಡಿ ತೇವ ಕೂತರೆ ಲೋಹ ತಿಂದೀತು, ಎಚ್ಚರವಿರಲಿ ಎನ್ನಲು ಬಾಯಿ ತೆರೆದವಳು, “ಭೇಷ್, ಮಗಳೇ” ಎಂದುಬಿಟ್ಟೆ. ಪಾಠ ಹೇಳಿದಷ್ಟು ಕಾಲ ಯಾರಿಗೂ ಆಡದ ಮಾತು.

ಹೊಗಳಿಕೆ ಮಕ್ಕಳನ್ನು ಕೆಡಿಸುತ್ತದೆಂದು ಈಗಲೂ ನಂಬಿದ್ದೇನೆ. ಆದರೆ ಆಡಿಯಾಯಿತು, ಇನ್ನು ಅಳಿಸುವಂತಿಲ್ಲ. ನಿಯಮ ನನ್ನದೇ.